ಸಖಿಯಿಲ್ಲದ ವಿರಹ

ಗೋಕಾಕ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ವಿರಹದ ಮೊದಲ ಪಾಠವನ್ನು ಹೇಳಿಕೊಡುವವಳು ಸತ್ಯಭಾಮೆ. ಅಪರಾಳ ತಮ್ಮಣ್ಣನು ರಚಿಸಿ, ಕುಲಗೋಡ ತಮ್ಮಣ್ಣನು ಆಟಕ್ಕೆ ಒಗ್ಗುವಂತೆ ತಿದ್ದಿ ಬೆಳೆಯಿಸಿ, ಕೌಜಲಗಿ ನಿಂಗಮ್ಮನಂತಹ ಕಲಾವಿದೆಯರು ತಮ್ಮ ಕಂಠದಿಂದ ಊರೂರಿಗೆ ಮುಟ್ಟಿಸಿದ ಶ್ರೀಕೃಷ್ಣ ಪಾರಿಜಾತವೆಂಬ ಸಣ್ಣಾಟವು ಈ ನೆಲದ ಸ್ವಂತ ಸೊತ್ತು. ಕುಲಗೋಡವೂ ಕೌಜಲಗಿಯೂ ಹಳೆಯ ಗೋಕಾಕ ತಾಲೂಕಿನ ಊರುಗಳೇ, ಮೂಡಲಗಿಯು ತಾಲೂಕಿನ ಪದವಿಗೇರಿದ ಮೇಲೆ ಕುಲಗೋಡವು ಅದರ ಪಾಲಿಗೆ ಹೋಯಿತು. ನಾರದನು ದೇವಲೋಕದಿಂದ ಪಾರಿಜಾತದ ಹೂವನ್ನು ತಂದು ಕೃಷ್ಣನ ಕೈಯಲ್ಲಿಡುವನು. ಕೃಷ್ಣನು ಅದನ್ನು ರುಕ್ಮಿಣಿಗೆ ಕೊಡುವನು. ಸುದ್ದಿಯು ಸತ್ಯಭಾಮೆಯ ಕಿವಿಗೆ ಬೀಳುವುದು. ಅಲ್ಲಿಂದ ಮುಂದೆ ರಾತ್ರಿಯುದ್ದಕ್ಕೂ ನಡೆಯುವುದೆಲ್ಲ ಆ ಮಾನಿನಿಯ ಮುನಿಸು, ಅಳಲು, ದೂರು, ಪ್ರಲಾಪ, ಮತ್ತು ಅವಳನ್ನು ಒಲಿಸಿಕೊಳ್ಳಲು ಜಗನ್ನಾಟಕಸೂತ್ರಧಾರಿಯೇ ಪಡುವ ಪಾಡು. ಈ ನಾರದನ ಹೆಸರಿನಲ್ಲಿ ಪ್ರಚಲಿತವಾಗಿರುವ ಭಕ್ತಿಸೂತ್ರಗಳು ಭಕ್ತಿಯ ಹನ್ನೊಂದು ಬಗೆಯ ಆಸಕ್ತಿಗಳನ್ನು ಎಣಿಸಿ ಕಟ್ಟಕಡೆಗೆ ಪರಮವಿರಹಾಸಕ್ತಿಯನ್ನು ಇಟ್ಟಿವೆ ಎಂಬುದನ್ನು ನೆನೆದರೆ, ಆಟದೊಳಗಿನ ಅವನ ಕಲಹಪ್ರಿಯತೆಗೂ ಒಂದು ಶಾಸ್ತ್ರಾರ್ಥವಿದ್ದೀತೆಂದು ತೋರುತ್ತದೆ: ಕೊನೆಯ ಮೆಟ್ಟಿಲು ಯಾವುದೆಂದು ಬಲ್ಲವನೇ ಸತ್ಯಭಾಮೆಯನ್ನು ಅದರ ಮೇಲೆ ತಂದು ನಿಲ್ಲಿಸಿದನು.

ಇಂತಹ ಪಾಠದಲ್ಲಿ ಪಳಗಿದ ಕಿವಿಗೆ ಕಳೆದ ಬೇಸಗೆಯಲ್ಲಿ ಒಂದು ಪರದೇಶದ ಆಲ್ಬಮ್ ಬಿತ್ತು. ಹುಕ್ಕೇರಿಯಿಂದ ಗೋಕಾಕದ ಕಡೆಗೆ ಬರುವ ಬಸ್ಸಿನಲ್ಲಿ, ಬೆಳಗಾವಿಯಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ತನ್ನ ಇಯರ್‌ಫೋನಿನ ಒಂದು ಎಳೆಯನ್ನು ನನ್ನ ಕೈಗೆ ಕೊಟ್ಟು, “ಮಾಮಾ, ಇದರಾಗ ಗದ್ದಲ ಏನೂ ಇಲ್ಲರಿ, ಒಬ್ಬಾವನ ಕುಂತು ಹಾಡ್ಯಾನ, ಕೇಳ್ರಿ” ಎಂದಳು. ಅಮೆರಿಕದ ಜಸ್ಟಿನ್ ವೆರ್ನನ್ ಎಂಬ ಗಾಯಕನು ಬೊನ್ ಇವೇರ್ ಎಂಬ ಹೆಸರಿನಲ್ಲಿ 2007ರಲ್ಲಿ ಹೊರತಂದ ‘ಫಾರ್ ಎಮ್ಮಾ, ಫಾರೆವರ್ ಅಗೋ’ ಎಂಬುದು ಅದು. ಒಂಬತ್ತು ಹಾಡುಗಳು, ಒಟ್ಟು ನಲವತ್ತು ನಿಮಿಷಕ್ಕಿಂತ ಕಡಿಮೆ. ತಾನಿದ್ದ ವಾದ್ಯವೃಂದವು ಒಡೆದು, ಪ್ರಣಯವೊಂದು ಮುಗಿದು, ದೇಹಕ್ಕೆ ರೋಗವೂ ತಗಲಿ ಹಣ್ಣಾಗಿದ್ದ ಆ ತರುಣನು 2006ರ ಕೊನೆಗೆ ವಿಸ್ಕಾನ್ಸಿನ್ ಪ್ರಾಂತದ ಕಾಡಿನಲ್ಲಿದ್ದ ತನ್ನ ತಂದೆಯ ಬೇಟೆಯ ಮನೆಯನ್ನು ಸೇರಿ, ಹಿಮ ಬೀಳುವ ಆ ಚಳಿಗಾಲವನ್ನು ಒಬ್ಬನೇ ಕಳೆದು, ಗಿಟಾರನ್ನು ಮುಂದಿಟ್ಟುಕೊಂಡು ಈ ಹಾಡುಗಳನ್ನು ಕಟ್ಟಿ ಮುದ್ರಿಸಿಕೊಂಡನೆಂಬುದು ಎಲ್ಲರೂ ಬಲ್ಲ ವೃತ್ತಾಂತ. ನನಗೆ ಆಗ ಅದಾವುದೂ ತಿಳಿದಿರಲಿಲ್ಲ. ಹಾಡಿನ ನುಡಿಗಳೂ ಬಹುಪಾಲು ಅರ್ಥವಾಗಲಿಲ್ಲ. ಗಂಡಸಿನ ಸಹಜವಾದ ಶ್ರುತಿಯನ್ನು ಬಿಟ್ಟು ಮೇಲಕ್ಕೆ ಏರಿಸಿ ತೆಳುವಾಗಿಸಿಕೊಂಡ ಆ ಕಂಠದಲ್ಲಿ ಸ್ವರವಷ್ಟೇ ಮುಟ್ಟಿತು, ಅಕ್ಷರವು ಮುಟ್ಟಲಿಲ್ಲ. ಆದರೂ ಇದು ಅಗಲಿದವನ ಹಾಡೆಂಬುದು ಎರಡನೆಯ ಹಾಡಿನ ಹೊತ್ತಿಗೆ ಸಂಶಯವಿಲ್ಲದೆ ತಿಳಿದುಹೋಯಿತು.

ಗೋಕಾಕ ಫಾಲ್ಸಿನ ಬಳಿ ಇಳಿದು ತೂಗುಸೇತುವೆಯ ಇತ್ತಣ ನೆರಳಿನಲ್ಲಿ ಕುಳಿತು ಉಳಿದುದನ್ನು ಕೇಳಿದೆವು. 1897ರಷ್ಟು ಹಿಂದೆಯೇ ಧೂಪದಾಳದಲ್ಲಿ ಒಡ್ಡು ಕಟ್ಟಿ ಕಾಲುವೆಗೆ ನೀರು ತಿರುವಿದ್ದುದರಿಂದಲೂ, ಅದಕ್ಕೂ ಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ದೊಡ್ಡ ಜಲಾಶಯವು ಎದ್ದುದರಿಂದಲೂ, ಮಳೆಗಾಲದಲ್ಲಿ 52 ಮೀಟರು ಧುಮುಕುವ ಘಟಪ್ರಭೆಯು ಬೇಸಗೆಯಲ್ಲಿ ಬರಿ ಬಂಡೆಯ ಗೋಡೆ. ಆ ನಿಶ್ಶಬ್ದವು ಹಾಡಿಗೆ ಅನುಕೂಲವೇ ಆಯಿತು. ಆಗ ಗಮನಕ್ಕೆ ಬಂದ ಒಂದು ಸಂಗತಿಯು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಹಾಡಿದವನು ಒಬ್ಬನೇ, ಆದರೆ ಕೇಳಿಬರುವ ಕಂಠಗಳು ಹಲವು: ಅವನು ತನ್ನ ಧ್ವನಿಯನ್ನೇ ಒಂದರ ಮೇಲೊಂದು ಹಾಸಿ ತನಗೆ ತಾನೇ ಹಿಮ್ಮೇಳವಾಗಿದ್ದಾನೆ. ಪಾರಿಜಾತದಲ್ಲಿ ಸತ್ಯಭಾಮೆಯು ಒಂದು ಪದವನ್ನೆತ್ತಿದರೆ ಹಿಂದೆ ನಿಂತ ಮೇಳದವರು ಅದನ್ನು ಎತ್ತಿಕೊಂಡು ಮರಳಿ ನುಡಿಯುವರು, ದೂತಿಯು ಅವಳ ಅಳಲಿಗೆ ಹೂಂಗುಟ್ಟುವಳು, ಭಾಗವತನು ಅವಳನ್ನು ಕೆಣಕಿ ಮಾತಾಡಿಸುವನು, ಎದುರಿಗೆ ಕಂಬಳಿ ಹಾಸಿ ಕುಳಿತ ಊರು ಊರೇ ಅವಳ ದುಃಖಕ್ಕೆ ಸಾಕ್ಷಿಯಾಗಿರುವುದು. ಎಲ್ಲಕ್ಕಿಂತ ಮಿಗಿಲಾಗಿ, ಅವಳು ದೂರುತ್ತಿರುವ ಪುರುಷನು ರಂಗದ ಇನ್ನೊಂದು ಮೂಲೆಯಲ್ಲಿ ಕಿರೀಟ ಧರಿಸಿ ನಿಂತು ಎಲ್ಲವನ್ನೂ ಕೇಳುತ್ತಿರುವನು. ಕಾಡುಮನೆಯ ಈ ಗಾಯಕನಿಗೆ ಸಖಿಯಿಲ್ಲ, ದೂತನಿಲ್ಲ, ಮೇಘವಿಲ್ಲ, ಹಂಸವಿಲ್ಲ. ದೂರಿಗೆ ಗುರಿಯಾದವಳು ಕೇಳುವಳೆಂಬ ಭರವಸೆಯಿಲ್ಲ. “ಆಕಿ ಕೇಳ್ಲಿ ಅಂತ ಹಾಡಿಲ್ಲರಿ ಮಾಮಾ ಅಂವ” ಎಂದಳು ಹುಡುಗಿ. ಹಾಗಾದರೆ ಯಾರು ಕೇಳಲೆಂದು ಹಾಡಿದನು? ಎಮ್ಮಾ ಎಂಬುದು ಒಬ್ಬ ಹೆಣ್ಣಿಗಿಂತ ಹೆಚ್ಚಾಗಿ ತಾನು ಸಿಕ್ಕಿಕೊಂಡಿದ್ದ ಒಂದು ನೆಲೆಯೆಂಬ ಅರ್ಥದ ಮಾತನ್ನು ಆತನೇ ಆಡಿದ್ದುಂಟು. ಇದರಿಂದ ಪ್ರಶ್ನೆಯು ಬಗೆಹರಿಯುವ ಬದಲು ಇನ್ನಷ್ಟು ಬಿಗಿಯಾಗುತ್ತದೆ.

ಭಕ್ತರ ಉತ್ತರವು ಸಿದ್ಧವಾಗಿಯೇ ಇದೆ. ಲೌಕಿಕವಾದ ವಿರಹವೆಲ್ಲ ಜೀವನು ಪರಮನಿಗಾಗಿ ಪಡುವ ವಿರಹದ ಛಾಯೆ. ತಿಳಿದೋ ತಿಳಿಯದೆಯೋ ಎಲ್ಲ ಪ್ರಲಾಪವೂ ಆ ಒಬ್ಬನನ್ನೇ ಕುರಿತದ್ದು ಎನ್ನುವರು. ಶರಣರು ಲಿಂಗವನ್ನು ಪತಿಯೆಂದೂ ತಮ್ಮನ್ನು ಸತಿಯೆಂದೂ ಭಾವಿಸಿದ ನಾಡಿನಲ್ಲಿ, ಗೋಪಿಕೆಯರ ಅಳಲನ್ನು ಭಕ್ತಿಯ ಶಿಖರವೆಂದು ಎಣಿಸಿದ ಪರಂಪರೆಯಲ್ಲಿ ಈ ಉತ್ತರವನ್ನು ಅಲ್ಲಗಳೆಯುವುದು ಸುಲಭವಲ್ಲ. ಆದರೆ ಮನುಷ್ಯರ ಪ್ರೇಮಗೀತವು ಕಿವಿಗೆ ಬಿದ್ದೊಡನೆ ಅದಕ್ಕೆ ಜೀವಾತ್ಮ ಪರಮಾತ್ಮರ ಶಾಲು ಹೊದಿಸಿ ಕೂರಿಸುವ ವ್ಯಾಖ್ಯಾನಕಾರರ ಬಗ್ಗೆ ನನಗೆ ಬಹುಕಾಲದಿಂದ ಅಸಮಾಧಾನವಿದೆ. ಅದು ಹಾಡನ್ನು ಗೌರವಿಸಿದಂತೆ ತೋರುವುದು. ವಾಸ್ತವವಾಗಿ, ಒಬ್ಬ ಮನುಷ್ಯನನ್ನು ಕಳೆದುಕೊಂಡುದು ತಾನೇ ತಾನಾಗಿ ಅಳಲಿಗೆ ಸಾಲದೆಂದು ಹೇಳಿದಂತಾಗುವುದು. ಅಕ್ಕಮಹಾದೇವಿಯ ಕಥೆಯನ್ನೇ ನೋಡಿರಿ. ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಅವಳು ಗಿಳಿ ಕೋಗಿಲೆಗಳನ್ನು ಕೇಳಿಕೊಂಡು ಅಲೆದುದನ್ನು ಮಲ್ಲಿಕಾರ್ಜುನ ಮನಸೂರರಂತಹ ಗಾಯಕರು ಅವಳ ವಚನಗಳನ್ನು ಹಾಡಿದಾಗ ನಾವು ಕಣ್ಣು ತುಂಬಿಕೊಂಡು ಕೇಳುತ್ತೇವೆ. ಆ ವಿರಹಕ್ಕೆ ಮುಂಚೆ ಉಡುತಡಿಯಲ್ಲಿ ಇನ್ನೊಂದು ಅಗಲಿಕೆಯು ನಡೆದಿತ್ತು. ಅವಳು ಕೌಶಿಕನ ಅರಮನೆಯನ್ನು ಬಿಟ್ಟು ಹೊರಟಿದ್ದಳು. ಬಿಟ್ಟುದು ನ್ಯಾಯವೇ. ಆದರೆ ಕೌಶಿಕನಿಗೆ ನಮ್ಮ ಪರಂಪರೆಯು ಕಾಮುಕನ ಪಾತ್ರವನ್ನು ಕೊಟ್ಟಿತೇ ಹೊರತು ಹಾಡನ್ನು ಕೊಡಲಿಲ್ಲ. ಬಿಡಲ್ಪಟ್ಟವನು ಯೋಗ್ಯನಾಗಿರಲಿ ಅಯೋಗ್ಯನಾಗಿರಲಿ, ಬಾಗಿಲು ಮುಚ್ಚಿದ ಮೇಲೆ ಅವನ ಮನೆಯಲ್ಲಿ ಏನಾಯಿತೆಂಬುದು ನಮಗೆ ಬೇಕಾಗಲಿಲ್ಲ.

ಆಲಂಕಾರಿಕರಾದರೂ ಇಂತಹ ಅಗಲಿಕೆಗೊಂದು ಸ್ಥಾನವನ್ನು ಕಲ್ಪಿಸಿದ್ದಾರೆಯೋ ಎಂದು ಹುಡುಕಿದೆನು. ಭರತಮುನಿಯು ಕರುಣಕ್ಕೂ ವಿಪ್ರಲಂಭಕ್ಕೂ ಇರುವ ಭೇದವನ್ನು ಹೇಳುವಾಗ, ವಿಪ್ರಲಂಭವು ಸಾಪೇಕ್ಷವಾದುದು, ಕರುಣವು ನಿರಪೇಕ್ಷವಾದುದು ಎಂದು ವಿಂಗಡಿಸಿರುವನು. ಅಂದರೆ ಮೊದಲನೆಯದರಲ್ಲಿ ಮರಳಿ ಕೂಡುವ ಆಸೆಯು ಉಳಿದಿರುವುದು, ಎರಡನೆಯದರಲ್ಲಿ ಅದು ಹರಿದುಹೋಗಿರುವುದು. ಬಳಿಕ ಬಂದ ಮಮ್ಮಟನು ವಿಪ್ರಲಂಭವನ್ನು ಅಭಿಲಾಷ, ವಿರಹ, ಈರ್ಷ್ಯೆ, ಪ್ರವಾಸ, ಶಾಪ ಎಂಬ ಐದು ಹೇತುಗಳಿಂದ ಗುರುತಿಸಿದನು. ನಮ್ಮ ಸತ್ಯಭಾಮೆಯದು ಈರ್ಷ್ಯೆ, ಕಾಳಿದಾಸನ ಯಕ್ಷನದು ಶಾಪ. ಆದರೆ ಇಬ್ಬರೂ ಬದುಕಿರುವರು, ಯಾವ ಋಷಿಯ ಶಾಪವೂ ಇಲ್ಲ, ಯಾವ ಸಮುದ್ರವೂ ನಡುವೆ ಇಲ್ಲ, ಒಂದೇ ಊರಿನ ಬೀದಿಯಲ್ಲಿ ಎದುರಾದರೂ ಎದುರಾದಾರು, ಆದರೂ ಮರಳಿ ಕೂಡುವಂತಿಲ್ಲ ಮತ್ತು ಹಾಗೆಂದು ಇಬ್ಬರಿಗೂ ತಿಳಿದಿದೆ—ಇಂತಹ ಅಗಲಿಕೆಯು ಈ ಐದರಲ್ಲಿ ಯಾವುದು? ಆಸೆಯಿಲ್ಲದ್ದರಿಂದ ವಿಪ್ರಲಂಭವೆನ್ನಲಾಗದು, ಮರಣವಿಲ್ಲದ್ದರಿಂದ ಕರುಣವೆನ್ನಲು ನಾಲಿಗೆ ಹಿಂಜರಿಯುವುದು. ಸತ್ತ ಪ್ರಿಯನೂ ಮರಳಿ ಬರುವನೆಂಬ ಆಸೆಯಿದ್ದಾಗ ಅದನ್ನು ಕರುಣವಿಪ್ರಲಂಭವೆಂದು ಕರೆದಷ್ಟು ಸೂಕ್ಷ್ಮಬುದ್ಧಿಯ ಶಾಸ್ತ್ರಕಾರರು, ಬದುಕಿರುವ ಪ್ರಿಯರು ಬಾರದೆ ಹೋಗುವುದಕ್ಕೆ ಹೆಸರಿಡದೆ ಬಿಟ್ಟರು.

ಆ ಕರುಣವಿಪ್ರಲಂಭಕ್ಕೆ ಲಕ್ಷ್ಯಪ್ರಾಯಳಾದವಳು ಬಾಣನ ಮಹಾಶ್ವೇತೆ; ನಾಗವರ್ಮನ ಕರ್ಣಾಟಕ ಕಾದಂಬರಿಯ ಮೂಲಕ ಅವಳು ಕನ್ನಡಿಗರಿಗೂ ಮನೆಯವಳು. ಫಾಲ್ಸಿನ ಬಂಡೆಯ ಮೇಲೆ ಆ ಆಲ್ಬಮನ್ನು ಕೇಳುತ್ತಿದ್ದಾಗ ನನಗೆ ಮತ್ತೆ ಮತ್ತೆ ನೆನಪಾದವಳು ಅವಳೇ. ಕಿನ್ನರಮಿಥುನವನ್ನು ಬೆನ್ನಟ್ಟಿ ದಾರಿ ತಪ್ಪಿದ ಚಂದ್ರಾಪೀಡನು ಅಚ್ಛೋದಸರೋವರದ ದಡವನ್ನು ಮುಟ್ಟಿದಾಗ ಮೊದಲು ಅವನನ್ನು ಮುಟ್ಟುವುದು ವೀಣೆಯ ದನಿ. ಆ ದನಿಯ ಜಾಡು ಹಿಡಿದು ಹೋದಾಗ ಶಿವಾಲಯದಲ್ಲಿ ವೀಣೆಯನ್ನು ಮಡಿಲಲ್ಲಿಟ್ಟು ಒಬ್ಬಳೇ ಹಾಡುತ್ತಿರುವ ಶ್ವೇತಕಾಂತಿಯ ತಪಸ್ವಿನಿಯು ಕಾಣುವಳು. ಕಾಡು, ಏಕಾಂತ, ಒಂದು ತಂತೀವಾದ್ಯ, ಒಂದು ಕಂಠ, ಮತ್ತು ಯಾರೂ ಕೇಳದ ಕಡೆ ಹಾಡಿದ್ದನ್ನು ಆಕಸ್ಮಿಕವಾಗಿ ಕೇಳಿದ ಒಬ್ಬ ಅಪರಿಚಿತ: ಏಳನೆಯ ಶತಮಾನದ ಗದ್ಯಕಾವ್ಯಕ್ಕೂ ವಿಸ್ಕಾನ್ಸಿನ್ನಿನ ಕಾಡುಮನೆಗೂ ಇಷ್ಟು ಸಾಮ್ಯವಿದೆ. ಭೇದವಿರುವುದು ಎರಡು ಕಡೆ. ಮಹಾಶ್ವೇತೆಯು ಹಾಡುತ್ತಿದ್ದುದು ಶಿವನ ಸ್ತುತಿಯನ್ನು. ಅವಳು ಕಳೆದುಕೊಂಡ ಪ್ರಿಯನಾದ ಪುಂಡರೀಕನ ಹೆಸರು ಆ ಹಾಡಿನಲ್ಲಿರಲಿಲ್ಲ, ಚಂದ್ರಾಪೀಡನು ಕೇಳಿದ ಮೇಲೆ ಅಳುತ್ತ ಅಳುತ್ತ ಗದ್ಯದಲ್ಲಿ ಹೊರಬಂದಿತು. ಅವಳಿಗೆ ಆಕಾಶದಿಂದ ಇಳಿದ ದಿವ್ಯಪುರುಷನೊಬ್ಬನು ಪುನಃಸಮಾಗಮದ ಮಾತನ್ನೂ ಕೊಟ್ಟು ಹೋಗಿದ್ದನು. ಈ ಗಾಯಕನಿಗೆ ಮಾತು ಕೊಡುವವರಾರೂ ಆಕಾಶದಿಂದ ಇಳಿಯಲಿಲ್ಲ, ಅವನೂ ತನ್ನ ಅಳಲನ್ನು ಸ್ತೋತ್ರದೊಳಗೆ ಬಚ್ಚಿಡಲಿಲ್ಲ.

ನಮ್ಮ ಸೀಮೆಯ ಜನರಿಗೆ, ಬದುಕಿದ್ದೂ ಮರಳಿ ಕೂಡದ ಈ ಮೂರನೆಯ ಬಗೆಯ ಅಗಲಿಕೆಯು ಗೊತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಮದುವೆಯ ಬಿಡುಗಡೆಗೆ ಸೋಡಚೀಟಿಯೆಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಪಂಚರ ಎದುರಿಗೆ ಕೊಟ್ಟು ತೆಗೆದುಕೊಂಡು, ಮುಂದೆ ಬೇರೆ ಬೇರೆ ಬಾಳು ಕಟ್ಟಿಕೊಂಡವರ ಮನೆಗಳು ಊರಿಗೆ ಒಂದೆರಡಾದರೂ ಇದ್ದವು. ಬಾಳಿಗೆ ಗೊತ್ತಿದ್ದುದು ಹಾಡಿಗೆ ಮಾತ್ರ ಬರಲಿಲ್ಲ. ನಾನು ಕೇಳಿ ಬೆಳೆದ ಬೀಸುವ ಪದಗಳಲ್ಲಿ ತವರನ್ನು ಅಗಲಿದ ಮಗಳಿದ್ದಾಳೆ, ದೂರ ಹೋದ ಗಂಡನಿಗೆ ಕಾಯುವ ಹೆಂಡತಿಯಿದ್ದಾಳೆ, ಹೆತ್ತ ಕೂಸನ್ನು ಕಳೆದುಕೊಂಡ ತಾಯಿಯಿದ್ದಾಳೆ. ಸೋಡಚೀಟಿಯಾದ ಮರುದಿನ ಒಲೆಯ ಮುಂದೆ ಕುಳಿತವಳಿಲ್ಲ. ಸಣ್ಣಾಟದ ಕಡೆಗೆ ತಿರುಗಿದರೆ, ಒಂದು ತುದಿಯಲ್ಲಿ ಪಾರಿಜಾತ, ಇನ್ನೊಂದು ತುದಿಯಲ್ಲಿ ಬೈಲಹೊಂಗಲದ ಕಡೆಯ ಸಂಗ್ಯಾ ಬಾಳ್ಯಾ. ಮೊದಲನೆಯದರಲ್ಲಿ ಮುನಿಸು ಮುರಿದು ಮಂಗಳಾರತಿಯಾಗುವುದು, ಎರಡನೆಯದರಲ್ಲಿ ಗೆಳೆಯನ ದ್ರೋಹದಿಂದ ಕೊಲೆಯಾಗುವುದು. ಮಂಗಳಕ್ಕೂ ಕೊಲೆಗೂ ನಡುವೆ, ಇಬ್ಬರೂ ಬದುಕಿ ಉಳಿದು ಬೇರೆಯಾಗುವ ದಾರಿಯನ್ನು ನಮ್ಮ ರಂಗವು ತೋರಿಸಲಿಲ್ಲ.

ಈಚಿನ ಮಾತು ಬೇರೆ. ಕಬ್ಬಿನ ಹಂಗಾಮಿನಲ್ಲಿ ಮೂಡಲಗಿ, ಗೋಕಾಕ, ಸಂಕೇಶ್ವರಗಳ ದಾರಿಯಲ್ಲಿ ಓಡಾಡಿದವರು ಬಲ್ಲರು: ಎರಡೆರಡು ಟ್ರೇಲರು ಕಟ್ಟಿಕೊಂಡು ಕಾರಖಾನೆಗೆ ಹೊರಟ ಟ್ರ್ಯಾಕ್ಟರುಗಳಿಂದ, ಬದಿಗೆ ಸರಿದು ನಿಂತವರ ಎದೆಯೂ ಅದುರುವಷ್ಟು ಎತ್ತರದ ಸದ್ದಿನಲ್ಲಿ, ಕೈಕೊಟ್ಟು ಹೋದ ಹುಡುಗಿಯನ್ನು ಕುರಿತ ಜಾನಪದ ಧಾಟಿಯ ಹಾಡುಗಳು ಹಗಲಿರುಳು ಹರಿಯುತ್ತವೆ. ಶಿಷ್ಟರು ಮೂಗು ಮುರಿಯುವರು. ನಾನು ಮುರಿಯಲಾರೆನು, ಏಕೆಂದರೆ ಆ ಸ್ಟೇರಿಂಗಿನ ಹಿಂದೆ ಕುಳಿತ ಇಪ್ಪತ್ತರ ಹುಡುಗನ ಸಂಕಟವು ಕೃತ್ರಿಮವಾದುದಲ್ಲ. ಆದರೆ ಆ ಹಾಡುಗಳು ಬಹುಮಟ್ಟಿಗೆ ಆರೋಪಪಟ್ಟಿಗಳು. ನಾನು ಇಷ್ಟು ಮಾಡಿದೆ, ನೀನು ಹೀಗೆ ಮಾಡಿದೆ. ನೀನು ನನ್ನವಳಾಗಬೇಕಾಗಿತ್ತು, ಸಿರಿವಂತನ ಕೈ ಹಿಡಿದೆ. ಇಲ್ಲಿ ಅವಳು ಹೋದರೂ ಅವಳ ಮೇಲಿನ ಹಕ್ಕು ಹೋಗಿಲ್ಲ. ಹಾಗೆ ನೋಡಿದರೆ ಸತ್ಯಭಾಮೆಯ ಹಟವೂ ಹಕ್ಕಿನದೇ; ರುಕ್ಮಿಣಿಗೆ ಹೂವು ಸಂದರೆ ತನಗೆ ಗಿಡವೇ ಬೇಕು. ಭಗವಂತನೇ ಎದುರಾಳಿಯಾಗಿದ್ದುದರಿಂದ ಆ ಹಟವು ಲೀಲೆಯೆನಿಸಿತು; ಮನುಷ್ಯರ ನಡುವೆ ಅದೇ ಹಟವು ಎಷ್ಟೋ ಸಲ ಹಿಂಸೆಗೆ ದಾರಿಯಾಗುವುದನ್ನು ದಿನಪತ್ರಿಕೆಗಳಲ್ಲಿ ಓದುತ್ತಿದ್ದೇವೆ.

ನನ್ನ ಪ್ರಶ್ನೆಯು ಇಲ್ಲಿಗೆ ಬಂದು ನಿಲ್ಲುವುದು. ನನ್ನದೆಂಬ ಮಮಕಾರವು ಕಳೆದ ಮೇಲೆ ಪ್ರೀತಿಯು ಉಳಿಯಬಲ್ಲುದೇ? ವೇದಾಂತಿಗಳು ರಾಗವನ್ನೂ ಮಮಕಾರವನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ, ಒಂದು ಹೋದರೆ ಇನ್ನೊಂದೂ ಹೋಗುವುದೆಂದೂ, ಹಾಗೆ ಹೋದುದೇ ಶಾಂತಿಯೆಂದೂ ಹೇಳುವರು. ಗೀತೆಯ ಸ್ಥಿತಪ್ರಜ್ಞನಿಗೆ ಗಿಟಾರನ್ನು ಮುಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ. ಭಕ್ತಿಮಾರ್ಗದವರು ಪ್ರೀತಿಯನ್ನು ಉಳಿಸಿಕೊಂಡು ಅದರ ವಿಷಯವನ್ನು ಬದಲಿಸುವರು: ಮನುಷ್ಯನ ಸ್ಥಾನದಲ್ಲಿ ದೇವರನ್ನಿಟ್ಟರೆ ಮಮಕಾರವೂ ಪುಣ್ಯವಾಗುವುದು. ಈ ಎರಡೂ ಅಲ್ಲದ ಮೂರನೆಯ ಒಂದು ಸ್ಥಿತಿಯು ಸಾಧ್ಯವೆಂಬುದಕ್ಕೆ ಆ ಒಂಬತ್ತು ಹಾಡುಗಳು ಸಾಕ್ಷಿ ಹೇಳಿದಂತೆ ನನಗೆ ತೋರಿತು. ಅಲ್ಲಿ ವಿಷಯವು ಬದಲಾಗಿಲ್ಲ, ಅಗಲಿದ ಮನುಷ್ಯಳೇ ಇದ್ದಾಳೆ, ಪ್ರೀತಿಯು ಆರಿಲ್ಲ, ಆದರೆ ಅವಳು ಮರಳಲಿ ಎಂಬ ಬೇಡಿಕೆಯು ಸಡಿಲವಾಗುತ್ತ ಸಡಿಲವಾಗುತ್ತ, ಕೊನೆಯ ಹಾಡಿನ ಹೊತ್ತಿಗೆ ಹಿಡಿದ ಮುಷ್ಟಿಯು ತೆರೆದಂತಾಗುವುದು. ಪೂರ್ತಿ ತೆರೆಯಿತೆಂದು ನಾನು ಹೇಳೆನು. ನಡುವಿನ ಒಂದು ಹಾಡಿನಲ್ಲಿ ಕಂಠವು ಒಡೆದು ಬಿರುನುಡಿಯ ಕಡೆಗೆ ಹೊರಳುವುದನ್ನು ಭಾಷೆ ತಿಳಿಯದ ಕಿವಿಯೂ ಗುರುತಿಸುತ್ತದೆ. ಬಳಿಕ ಹುಡುಗಿಯು ಅರ್ಥ ಹೇಳಿದಾಗ ಅಲ್ಲಿ ಅಸಮಾಧಾನವಿದ್ದುದು ನಿಜವೇ ಆಗಿತ್ತು. ಈ ವೈರಾಗ್ಯವು ಅಪೂರ್ಣ. ಅಪೂರ್ಣವಾಗಿರುವುದರಿಂದಲೇ ಅದನ್ನು ನಂಬಬಹುದು. ಮಠದಲ್ಲಿ ದೀಕ್ಷೆ ಕೊಟ್ಟು ಕಲಿಸುವ ವೈರಾಗ್ಯಕ್ಕಿಂತ ಇದು ಚಿಕ್ಕದು, ಸರಿ. ಗೃಹಸ್ಥರ ಕೈಗೆ ಎಟುಕುವಷ್ಟು ಹತ್ತಿರದಲ್ಲಿರುವುದೂ ಇದೇ.

ಇನ್ನು ಕೇಳಿದವನಾದ ನನ್ನ ಪಾಡೇನು? ಅನ್ಯರ ಶೋಕವು ನಮಗೆ ಸುಖವನ್ನೀಯುವುದು ಹೇಗೆ ಎಂಬ ಹಳೆಯ ಚರ್ಚೆಯಲ್ಲಿ, ರಸವೆಲ್ಲವೂ ಆನಂದರೂಪವೇ ಎಂಬ ಅಭಿನವಗುಪ್ತನ ಪಕ್ಷವು ಗೆದ್ದಿತೆಂದು ಸಾಮಾನ್ಯವಾಗಿ ಹೇಳುವರು. ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರಾಚಾರ್ಯನ ಶಿಷ್ಯರಾದ ರಾಮಚಂದ್ರ ಗುಣಚಂದ್ರರೆಂಬ ಜೈನವಿದ್ವಾಂಸರು ತಮ್ಮ ನಾಟ್ಯದರ್ಪಣದಲ್ಲಿ ಇದನ್ನು ಒಪ್ಪಲಿಲ್ಲ: ಕೆಲವು ರಸಗಳು ಸುಖಾತ್ಮಕ, ಕೆಲವು ದುಃಖಾತ್ಮಕ, ಕರುಣವು ದುಃಖವೇ, ಕವಿಯ ಮತ್ತು ನಟನ ಕೌಶಲದಿಂದ ಹುಟ್ಟುವ ಚಮತ್ಕಾರಕ್ಕೆ ಮರುಳಾಗಿ ಜನರು ಅದನ್ನೂ ಸುಖವೆಂದು ಭ್ರಮಿಸುವರು ಎಂದರು. ನನ್ನ ಮನಸ್ಸು ಆ ಜೈನವಿದ್ವಾಂಸರ ಕಡೆಗೇ ವಾಲುತ್ತದೆ. ನನಗೆ ಆ ಮಧ್ಯಾಹ್ನ ಸುಖವಾಗಲಿಲ್ಲ, ನೋವಾಯಿತು. ನನಗೆ ಸಂಬಂಧವಿಲ್ಲದ ಒಂದು ದೇಶದ, ಸಂಬಂಧವಿಲ್ಲದ ಒಬ್ಬ ಹುಡುಗನ ನೋವಿಗೆ ಹೂಂಗುಟ್ಟುತ್ತ ಕುಳಿತಿದ್ದೇನೆಂಬುದು ಹೊಳೆದಾಗ, ಯಾರು ಕೇಳಲೆಂದು ಹಾಡಿದನು ಎಂಬ ಪ್ರಶ್ನೆಗೆ ಒಂದು ಸಣ್ಣ ಉತ್ತರವೂ ಹೊಳೆಯಿತು. ಹಾಡುವಾಗ ಅವನಿಗಿರದ ಸಖಿಯ ಸ್ಥಾನವನ್ನು ವರ್ಷಗಳ ಬಳಿಕ ಕೇಳುವವರು ಬಂದು ತುಂಬುತ್ತಾರೆ. ಸಖಿಯ ಕೆಲಸವು ಪ್ರಿಯರನ್ನು ಕೂಡಿಸುವುದೆಂದೇ ಕಾವ್ಯಗಳು ಹೇಳಿದ್ದವು. ಕೂಡಿಸಲಾರದ ಕಡೆಯೂ ಸಖಿಯು ಬೇಕಾಗುವಳೆಂಬುದು ನನಗೆ ಹೊಸ ತಿಳಿವು. ದೇವರು ಕೇಳುವನೋ ಇಲ್ಲವೋ, ಅದು ಅವರವರ ಶ್ರದ್ಧೆಗೆ ಬಿಟ್ಟ ವಿಷಯ. ಕೇಳುವನೆಂದು ನಂಬುವವರಿಗೂ ಮನುಷ್ಯರ ಕಿವಿಯೊಂದು ಹೆಚ್ಚಾಗುವುದಿಲ್ಲ.

ಗೋಕಾಕದಲ್ಲಿ, ಮೂಡಲಗಿಯಲ್ಲಿ, ಹುಕ್ಕೇರಿಯಲ್ಲಿ ಈಗ ಗಿಟಾರು ಹಿಡಿದ ಹುಡುಗರೂ ಹುಡುಗಿಯರೂ ಅಲ್ಲಲ್ಲಿ ಕಾಣಸಿಗುತ್ತಾರೆ. ಅವರಿಗೆ ನನ್ನದೊಂದು ಕೋರಿಕೆ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಕೃಷ್ಣಶರ್ಮರು, ಆನಂದಕಂದರೆಂದು ನಾಡು ಬಲ್ಲ ಕವಿ, ಹಳ್ಳಿಯ ಗಂಡ ಹೆಂಡಿರ ಒಲವನ್ನು ‘ನಲ್ವಾಡುಗಳು’ ಎಂಬ ಸಂಕಲನದಲ್ಲಿ ಇಲ್ಲಿಯ ಆಡುನುಡಿಯಲ್ಲೇ ಹಾಡಿದರು. ಮುರಗೋಡದ ಹುಕ್ಕೇರಿ ಬಾಳಪ್ಪನವರು (ಹುಕ್ಕೇರಿಯೆಂಬುದು ಅವರ ಮನೆತನದ ಹೆಸರು) ಸಾವಿರ ಹಾಡಿನ ಸರದಾರರೆನಿಸಿಕೊಂಡು ಇಂತಹ ನುಡಿಯ ಪದಗಳನ್ನು ಊರೂರಿನಲ್ಲಿ ಹಾಡಿ ನಿಲ್ಲಿಸಿದರು. ಒಲಿದವರಿಗೆ ಆ ನುಡಿಯಲ್ಲಿ ಹಾಡುಗಳಿವೆ, ಕಾಯುವವರಿಗೆ ಇವೆ, ಸತ್ತವರಿಗಾಗಿ ಅಳುವವರಿಗೂ ಇವೆ. ಬಿಟ್ಟುಕೊಟ್ಟವರಿಗೆ ಇಲ್ಲ. ದೂರಿಲ್ಲದ, ಹಕ್ಕಿನ ಮಾತಿಲ್ಲದ, ಹೋದವಳ ಹೆಸರನ್ನು ಕೆಡಿಸದ, ಹೋದವನಿಗೆ ಶಾಪ ಹಾಕದ ಒಂದು ಅಗಲಿಕೆಯ ಪದವನ್ನು ಇಲ್ಲಿಯ ಕನ್ನಡದಲ್ಲಿ ಕಟ್ಟಿರಿ. ಗಿಟಾರಾದರೂ ಆದೀತು, ಏಕತಾರಿಯಾದರೂ ಆದೀತು, ಕೇಳಲು ನಾವಿದ್ದೇವೆ.